ಚಾಂದನಿಯ ಮೂರನೇ ಪರೀಕ್ಷೆ

"ಅಲ್ಲೇ ನಿಲ್ರಿ! ಒಂದು ಹೆಜ್ಜಿನೂ ಹಿಂದ ಸರೀಬ್ಯಾಡ್ರಿ!"

ಜ್ಯೋತ್ಸ್ನಾ ಸರಿಯುವುದಾದರೂ ಎಲ್ಲಿಗೆ? ಬೆನ್ನಿಗೆ ಲಾಯದ ಗೋಡೆ. ಎದುರಿಗೆ ಒಂದು ಬಿಳಿ ಕುದುರೆ. ಅದರ ಇಡೀ ಮೂತಿ ಅವಳ ಹೆಗಲ ಚೀಲದೊಳಗಿತ್ತು!

ಇಷ್ಟು ದೊಡ್ಡ ಪ್ರಾಣಿಯನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ. ಕೈಯಲ್ಲಿದ್ದ ಐಸ್ ಬಾಕ್ಸಿನೊಳಗೆ ರಕ್ತ ತುಂಬುವ ಖಾಲಿ ಟ್ಯೂಬುಗಳು ಗಲಗಲ ಸದ್ದು ಮಾಡುತ್ತಿದ್ದವು.

"ಅದು... ಅದು ನನ್ನ ಬನ್ಸ್ ತಿನ್ತಾ ಉಂಟು!"

"ಏನ್ ತಿನ್ನಾಕತ್ತ್ಯಾಳ?"

"ಬನ್ಸ್ ಮಾರಾಯ್ರೆ! ಬಾಳೆಹಣ್ಣಿನ ಬನ್ಸ್! ಅಪ್ಪ ಹೋಟೆಲಿಂದ ಕಟ್ಟಿ ಕೊಟ್ಟದ್ದು!"

ಕೂಗಿದವನು ಒಂದೇ ಉಸಿರಿಗೆ ಓಡಿ ಬಂದ. ಎತ್ತರದ ಆಳು, ಸ್ವಲ್ಪ ಎಡಗಾಲು ಎಳೆಯುವ ನಡಿಗೆ, ಮೊಣಕಾಲವರೆಗೆ ಮಣ್ಣು ಮೆತ್ತಿದ ಬೂಟು. ಕುದುರೆಯ ಹಣೆಯ ಮೇಲೆ ಅಂಗೈ ಇಟ್ಟು, ಮಗುವನ್ನು ಎಬ್ಬಿಸುವ ದನಿಯಲ್ಲಿ ಹೇಳಿದ.

"ಚಾಂದನಿ... ಬ್ಯಾಡವ್ವಾ. ಮಂದಿ ಬುತ್ತಿಗೆ ಬಾಯಿ ಹಾಕಬಾರ್ದು."

ಕುದುರೆ ಮೂತಿ ಹೊರಗೆಳೆಯಿತು. ಬಾಯಲ್ಲಿ ಅರ್ಧ ಬನ್ಸ್ ಇತ್ತು, ಮುಖದಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ.

ಅವನು ನಕ್ಕುಬಿಟ್ಟ. ಜ್ಯೋತ್ಸ್ನಾಳಿಗೆ ಮೈಯೆಲ್ಲ ಉರಿದುಹೋಯಿತು. ತಾನಿಲ್ಲಿ ಜೀವ ಕೈಯಲ್ಲಿ ಹಿಡಿದು ನಿಂತಿದ್ದರೆ ಇವನಿಗೆ ನಗು!

"ತಪ್ಪಾತ್ರಿ. ದಿನಾ ಹಿಂಗ ಮಾಡೂದಿಲ್ಲ ಆಕಿ. ಇವತ್ತ್ಯಾಕೋ ಭಾಳ ಹಸದಂಗ ಕಾಣ್ತಾಳ." ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. "ಅಂಜಿದ್ರೇನು?"

"ಇಲ್ಲ!" ಎಂದಳು ಜ್ಯೋತ್ಸ್ನಾ. ಐಸ್ ಬಾಕ್ಸ್ ಇನ್ನೂ ಗಲಗಲ ಎನ್ನುತ್ತಲೇ ಇತ್ತು. ಅದನ್ನು ಕೇಳಿಸಿಕೊಂಡರೂ ಕೇಳದವನಂತೆ ಅವನು ಬಾಕ್ಸನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡ.

ಆ ಒಂದು ಮರ್ಯಾದೆ ಅವಳಿಗೆ ಇಷ್ಟವಾಯಿತು. ಆದರೆ ಒಪ್ಪಿಕೊಳ್ಳಲು ಅವಳೇನು ಹುಚ್ಚಿಯೇ?

ಜ್ಯೋತ್ಸ್ನಾ ಮುಂಬಯಿಯ ಪರೇಲಿನಲ್ಲಿ ಪ್ರಾಣಿಗಳ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿಗೆ ಸೇರಿ ಎರಡು ತಿಂಗಳಾಗಿತ್ತಷ್ಟೆ. ಅದಕ್ಕೂ ಮೊದಲು ಸಾಂತಾಕ್ರೂಜಿನಲ್ಲಿ, ಮನೆಯ ಹತ್ತಿರದ ಲ್ಯಾಬಿನಲ್ಲಿ ವರ್ಷಗಟ್ಟಲೆ ಮನುಷ್ಯರ ರಕ್ತ ನೋಡಿದವಳು. ಅಲ್ಲಿ ಪ್ರತಿ ಟ್ಯೂಬಿಗೂ ಒಂದು ಬಾರ್‌ಕೋಡ್. ಅದರ ಹಿಂದಿನ ಮುಖ ಯಾರದು, ಅವರಿಗೆ ಆಮೇಲೆ ಏನಾಯಿತು... ಯಾವುದೂ ಗೊತ್ತಾಗುತ್ತಿರಲಿಲ್ಲ. ಅದೇ ಬೇಸರಕ್ಕೆ ಕೆಲಸ ಬಿಟ್ಟಿದ್ದಳು. "ಮನುಷ್ಯರನ್ನು ಬಿಟ್ಟು ದನ ಕುದುರೆ ನೋಡ್ಲಿಕ್ಕೆ ಹೋಗ್ತಾಳಂತೆ! ನಾಳೆ ಗಂಡಿನ ಕಡೆಯವರಿಗೆ ಎಂತ ಹೇಳುವುದು?" ಎಂದು ಅಮ್ಮ ಶೀಲಾವತಿ ಒಂದು ವಾರ ಮಾತು ಬಿಟ್ಟಿದ್ದಳು. ಅಪ್ಪ ರಮಾನಾಥ ಮಾತ್ರ ಏನೂ ಹೇಳದೆ ತಮ್ಮ ಹೋಟೆಲಿನ ಬನ್ಸ್ ಕಟ್ಟಿಕೊಟ್ಟು ಕಳಿಸುತ್ತಿದ್ದರು.

ಇವತ್ತು ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಸ್ನೇಹಲ್ ಜೊತೆ ಕಾಂದಿವಲಿಯ ಈ ಕುದುರೆ ಸವಾರಿ ಶಾಲೆಗೆ ಬಂದಿದ್ದಳು. ಹೊಸ ವರ್ಷದಿಂದ ಇಲ್ಲಿ ಮಕ್ಕಳ ತರಗತಿ ಶುರು. ಅದಕ್ಕೆ ಪ್ರತಿ ಕುದುರೆಯ ರಕ್ತದ ರಿಪೋರ್ಟ್ ಬೇಕಿತ್ತು.

ಕಾಲು ಎಳೆಯುವ ಆ ಯುವಕ ಶರಣ. ಇಲ್ಲಿನ ಸವಾರಿ ಶಿಕ್ಷಕ, ವಿಜಯಪುರದ ಕಡೆಯವನು.

ಸ್ನೇಹಲ್ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆಯುವಾಗ ಚಾಂದನಿ ಕಿವಿಯನ್ನೂ ಅಲುಗಿಸಲಿಲ್ಲ. ಜ್ಯೋತ್ಸ್ನಾಳಿಗೆ ಆಶ್ಚರ್ಯವಾಯಿತು.

"ಇಷ್ಟು ಶಾಂತ ನಿಲ್ತದಾ?"

"ನಿಲ್ಲೂದs ಆಕಿ ಕೆಲಸ್ರಿ," ಎಂದ ಶರಣ. ಕುದುರೆಯ ಹಣೆ ಸವರುತ್ತ ಮುಂದುವರಿಸಿದ. "ನಾ ರೇಸಿನ ಕುದುರಿ ಹತ್ತಾಕ ಕಲೀತಿದ್ದೆ. ಬಿದ್ದೆ. ಕಾಲು ಮುರೀತು. ಕಾಲು ಕೂಡಿತು ಖರೆ, ಎದಿ ಕೂಡ್ಲಿಲ್ಲ. ಕುದುರಿ ಮುಂದ ನಿಂತ್ರ ಬೆವರು ಬರ್ತಿತ್ತು. ಆಗ ಈಕಿ ಸಿಕ್ಲು. ನಾ ದಿನಾ ಜೀನಿನ ರಿಕಾಬಿಗೆ ಕಾಲಿಡಾಂವ, ತೆಗ್ಯಾಂವ. ಈಕಿ ನಿಂತs ನಿಂತ್ಲು. ನಾ ಹತ್ತೂತನಾ ನಿಂತ್ಲು ನೋಡ್ರಿ."

ಜ್ಯೋತ್ಸ್ನಾ ಮೊದಲ ಸಲ ಕುದುರೆಯ ಕಣ್ಣನ್ನು ನೇರವಾಗಿ ನೋಡಿದಳು. ಕೈಯಲ್ಲಿದ್ದ ಟ್ಯೂಬು ಇನ್ನೂ ಬೆಚ್ಚಗಿತ್ತು.

'ಈ ರಕ್ತಕ್ಕೆ ಮುಖ ಉಂಟು,' ಎಂದುಕೊಂಡಳು.

ಮಧ್ಯಾಹ್ನ ಲ್ಯಾಬಿನಲ್ಲಿ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿ ಹೊರತೆಗೆದವಳೇ ರಕ್ತದ ಮೇಲೆ ನಿಂತ ತಿಳಿ, ಅಂದರೆ ಸೀರಮ್, ಕಂಡು ಕಿರುಚಿದಳು.

"ಡಾಕ್ಟ್ರೇ! ಕಾಮಾಲೆ! ಸೀರಮ್ ಹಳದಿ ಹಳದಿ ಉಂಟು!"

ಸ್ನೇಹಲ್ ಬೆಳಗಾವಿಯವಳು. ಅವಳ ನಗು ಪಕ್ಕದ ಕಟ್ಟಡಕ್ಕೂ ಕೇಳಿಸುತ್ತದೆ.

"ಅಗ ಬಾಯೀ! ಕುದುರಿ ಸೀರಮ್ ಹಳದೀನs ಇರ್ತದ. ನೀ ಇನ್ನೂ ಮಂದೀ ರಕ್ತದ ಕಣ್ಣಿಲೆ ನೋಡ್ಲಿಕತ್ತಿ!"

ಜ್ಯೋತ್ಸ್ನಾಳ ಮುಖ ಕೆಂಪಾಯಿತು. ಆದರೆ ಯಂತ್ರ ಅಂಕಿ ತೋರಿಸಿದಾಗ ಸ್ನೇಹಲಳ ನಗು ನಿಂತಿತು. ಬಿಲಿರುಬಿನ್, ಅಂದರೆ ಕಾಮಾಲೆಯಲ್ಲಿ ಏರುವ ಆ ಹಳದಿ ಅಂಶ, ಕುದುರೆಗೆ ಇರಬೇಕಾದ ಮಿತಿಯನ್ನೂ ದಾಟಿತ್ತು. ಸ್ನೇಹಲ್ ಕೂಡಲೇ ಶರಣನಿಗೆ ಫೋನ್ ಹಚ್ಚಿದಳು.

"ಚಾಂದನಿ ಮೇವು ಬಿಟ್ಟಾಳೇನು?"

"ಇಲ್ರಿ ಡಾಕ್ಟರ್, ಛಲೋ ತಿಂತಾಳ. ನಮ್ಮವ್ವನs ದಿನಾ ಹಾಕ್ತಾಳ. ಯಾಕ್ರಿ?"

"ಏನಿಲ್ಲ. ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ನೋಡೂಣು."

ಫೋನ್ ಇಟ್ಟ ಮೇಲೆ ಸ್ನೇಹಲ್ ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಆ ಅಂಕಿಯನ್ನೇ ನೋಡುತ್ತಿದ್ದಳು.

ಆ ಸಂಜೆ ಶರಣ ಜ್ಯೋತ್ಸ್ನಾಳಿಗೆ ತಾನೇ ಫೋನ್ ಮಾಡಿದ.

"ಖರೆ ಹೇಳ್ರಿ. ಏನಾಗೇತಿ ಆಕಿಗೆ?"

"ಈಗಲೇ ಹೇಳ್ಲಿಕ್ಕೆ ಆಗುದಿಲ್ಲ... ಇನ್ನೊಂದು ಟೆಸ್ಟ್ ಆಗ್ಲಿ."

"ಹಂಗಾದ್ರ ಒಂದು ಮಾತು ಕೊಡ್ರಿ. ಆ ರಿಪೋರ್ಟ್ ಬಂದ ಕೂಡ್ಲೆ ಮೊದಲ ಫೋನ್ ನನಗ. ಕೆಟ್ಟದಿದ್ರೂ ಅಡ್ಡಿಯಿಲ್ಲ. ನಿಮ್ಮ ಬಾಯಿಂದ ಕೇಳಿದ್ರ ತಡಕೋತೀನಿ."

ನಿಮ್ಮ ಬಾಯಿಂದ... ಆ ಎರಡು ಮಾತಿಗೆ ಅವಳ ಎದೆ ಯಾಕೆ ಹಾಗೆ ಹೊಡೆದುಕೊಳ್ಳಬೇಕಿತ್ತೋ!

"ಪ್ರಾಮಿಸ್," ಎಂದಳು.

ಆಮೇಲಿನ ದಿನಗಳಲ್ಲಿ ಏನಾಯಿತೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮೊದಲು ದಿನಕ್ಕೊಂದು ಮೆಸೇಜು. ಅದೂ ಬರೀ ಕುದುರೆಯ ವಿಷಯ! ಆಮೇಲೆ ವಾಯ್ಸ್ ನೋಟ್. ಅವನು ಮಾತಾಡುತ್ತಿರುವಾಗ ಹಿಂದೆ ಚಾಂದನಿ ಫುರ್ರೆಂದು ಮೂಗು ಬಿಡುವ ಸದ್ದು. ಜ್ಯೋತ್ಸ್ನಾ ಲೋಕಲ್ ರೈಲಿನ ನೂಕುನುಗ್ಗಲಿನ ಲೇಡೀಸ್ ಡಬ್ಬಿಯಲ್ಲಿ ಒಂಟಿಕಾಲಲ್ಲಿ ನಿಂತು ಅದನ್ನು ಮತ್ತೆ ಮತ್ತೆ ಕೇಳಿ ಒಬ್ಬಳೇ ನಗುತ್ತಿದ್ದಳು. ಪಕ್ಕದವರು ಸ್ವಲ್ಪ ದೂರ ಸರಿದು ನಿಲ್ಲುತ್ತಿದ್ದರು.

"ಅಪ್ಪಾ, ಬನ್ಸ್ ಇನ್ನೆರಡು ಹೆಚ್ಚು ಹಾಕಿ."

"ಯಾರಿಗೆ ಮಗಾ?"

"ಕುದುರೆಗೆ."

ರಮಾನಾಥರು ಮಗಳ ಮುಖವನ್ನು ಒಮ್ಮೆ ನೋಡಿ ನಾಲ್ಕು ಹೆಚ್ಚು ಹಾಕಿದರು. ಹೋಟೆಲು ನಡೆಸುವವರಿಗೆ ಯಾರ ಹಸಿವು ಯಾವುದೆಂದು ಬೇಗ ತಿಳಿಯುತ್ತದೆ.

ಎರಡನೇ ಪರೀಕ್ಷೆಯ ದಿನ ಚಾಂದನಿ ಲಾಯದ ಬಾಗಿಲಿನ ಹಲಗೆಯನ್ನು ಕಚ್ಚುತ್ತ ನಿಂತಿತ್ತು. ಕಣ್ಣು ಸೋತಿತ್ತು. "ಇದೊಂದು ಹೊಸಾ ಚಟ ಹತ್ತೇತ್ರಿ," ಎಂದ ಶರಣ, ನಗಲು ಪ್ರಯತ್ನಿಸುತ್ತ. ಪಕ್ಕದಲ್ಲಿ ಅವನ ತಾಯಿ ನಾಗವ್ವ ಸೆರಗು ಬಿಗಿದು ನಿಂತು, ಕುದುರೆಯ ಗದ್ದ ಸವರುತ್ತ "ತಡಿಯs ನನ್ನವ್ವಾ ಚಾಂದವ್ವಾ, ಇನ್ನೊಂದು ಚೂರು ತಡಿ," ಎನ್ನುತ್ತಿದ್ದಳು. ಸೂಜಿಯ ನೋವಿಗೆ ಸಮಾಧಾನ ಹೇಳುತ್ತಿದ್ದಾಳೆಂದು ಜ್ಯೋತ್ಸ್ನಾ ತಿಳಿದಳು.

ಎಲ್ಲರೂ ಹಾಗೆಯೇ ತಿಳಿದಿದ್ದರು.

ಅಂಕಿ ಇಳಿಯಲಿಲ್ಲ, ಇನ್ನೂ ಏರಿತ್ತು!

"ಮೇವು ತಿನ್ಲಿಕತ್ತಾಳ, ಆದ್ರೂ ಏರ್ಲಿಕತ್ತದ..." ಸ್ನೇಹಲ್ ಕನ್ನಡಕ ತೆಗೆದಿಟ್ಟಳು. "ಲಿವರಿನ ಬ್ಯಾರೆ ಟೆಸ್ಟ್ ಎಲ್ಲಾ ಸರಿ ಅವ. ಆದ್ರ ಇದೊಂದು... ಮಕ್ಕಳ ಸವಾರಿಗೆ ಫಿಟ್ ಅಂತ ನಾ ಹೆಂಗ ಬರೀಲಿ?"

ಜ್ಯೋತ್ಸ್ನಾ ಫೋನ್ ಹಿಡಿದು ವರಾಂಡಕ್ಕೆ ಬಂದಳು. ಕೊಟ್ಟ ಮಾತು ನೆನಪಿತ್ತು. ಆದರೆ ಏನೆಂದು ಹೇಳುವುದು? ನೀವು ಏರುವ ತನಕ ನಿಂತ ಕುದುರೆ ಇನ್ನು ನಿಲ್ಲಲಿಕ್ಕಿಲ್ಲ ಎಂದೇ? ಅವನ ನಂಬರನ್ನು ನೋಡುತ್ತ ನಿಂತಳು. ಒತ್ತಲು ಬೆರಳು ಬರಲಿಲ್ಲ. ಮುಖ ತೊಳೆದು ಬಂದಳು. ನೀರು ಕುಡಿದಳು. ಮತ್ತೆ ಕಣ್ಣೀರು ಬಂತು...

ಕೊನೆಗೆ ಧೈರ್ಯ ಮಾಡಿ ಕರೆ ಮಾಡಿದಾಗ ಅವನು ಎತ್ತಿದ.

"ಶರಣ... ರಿಪೋರ್ಟ್..."

"ಗೊತ್ತಾತ್ರಿ."

ಸ್ನೇಹಲ್ ಸಹಿ ಹಾಕಿದ ಕ್ಷಣವೇ ರಿಪೋರ್ಟ್ ತಾನಾಗಿ ಮಾಲೀಕರ ಮೊಬೈಲಿಗೆ ಹೋಗಿತ್ತು. ಮಾಲೀಕ ಹಿತೇಶ್ ಅದನ್ನು ಸವಾರಿ ಶಾಲೆಯ ನಡುವೆ ನಿಂತು, ಎಲ್ಲರ ಎದುರು ಓದಿದ್ದ.

"ಲಾರಿ ಬರ್ತೈತಂತ. ಯಾರೋ ವ್ಯಾಪಾರಿ ಒಯ್ತಾನಂತ. ಬೀಮಾರ್ ಘೋಡಿ ಇಲ್ಲಿ ನಹೀ ಚಲೇಗಾ, ಜಡ್ಡಿನ ಕುದುರಿ ಬ್ಯಾಡ ಅಂದ್ರು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ನಿಮಗ ಒಂದs ಒಂದು ಮಾತು ಕೇಳಿದ್ದೆ. ಮೊದಲ ಫೋನ್ ನನಗ ಅಂತ..."

"ನಾನು ಮಾಡ್ಲಿಕ್ಕೆ ಹೊರಟಿದ್ದೆ... ನನಗೆ ಹೇಳ್ಲಿಕ್ಕೆ ಧೈರ್ಯ..."

"ಇರ್ಲಿ ಬಿಡ್ರಿ. ನಿಮಗ ಅದು ಒಂದು ಟ್ಯೂಬು. ನಮಗ ಮನಿ ಮಂದಿ."

ಫೋನ್ ಕಟ್ಟಾಯಿತು.

ಒಂದು ಟ್ಯೂಬು! ಯಾವ ಮಾತಿಗೆ ಹೆದರಿ ಅವಳು ಹಳೆಯ ಕೆಲಸ ಬಿಟ್ಟಿದ್ದಳೋ ಅದೇ ಮಾತು. ಅದೂ ಅವನ ಬಾಯಿಂದ! ಆ ರಾತ್ರಿ ಅಪ್ಪ ಕೊಟ್ಟ ಊಟ ತಟ್ಟೆಯಲ್ಲೇ ಉಳಿಯಿತು.

ಎಳ್ಳಮಾವಾಸ್ಯೆ ಬಂತು. ವಿಜಯಪುರದ ಕಡೆ ಜನ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ಹಬ್ಬ. ಪರೇಲಿಗೆ ಅದರ ಸುದ್ದಿಯೇ ಇಲ್ಲ. ಆ ಮಧ್ಯಾಹ್ನ ಲ್ಯಾಬಿನ ಗಾಜಿನ ಬಾಗಿಲು ತಳ್ಳಿಕೊಂಡು ಇಳಕಲ್ ಸೀರೆಯ ಹೆಂಗಸೊಬ್ಬಳು ಒಳಗೆ ಬಂದಳು. ಕಂಕುಳಲ್ಲಿ ಬಿಳಿ ಬಟ್ಟೆಯ ಗಂಟು.

"ನಾಗವ್ವಾ?!" ಜ್ಯೋತ್ಸ್ನಾ ಎದ್ದು ನಿಂತಳು. "ನೀವು ಒಬ್ರೇ ಲೋಕಲ್ಲಿನಲ್ಲಿ ಬಂದದ್ದಾ?"

"ಕೇಳಕೋತ ಬಂದೆನವ್ವಾ. ಬಾಯಿದ್ರ ಯಾವ ಸ್ಟೇಷನ್ನು ಸಿಗೂದಿಲ್ಲ?" ಎಂದು ಕುರ್ಚಿಯಲ್ಲಿ ಕುಸಿದು ಕುಳಿತಳು ನಾಗವ್ವ. ಗಂಟು ಬಿಚ್ಚಿದಳು. ಸಜ್ಜಿ ರೊಟ್ಟಿ, ಬಜ್ಜಿ, ಎಳ್ಳಹೋಳಿಗೆ. "ನಿನ್ನ ಪಾಲಿಂದು. ಹಬ್ಬ ಐತಿ, ತಿನ್ನು."

"ನೀವೂ ತಿನ್ನಿ ಮತ್ತೆ. ಮುಖ ಬಾಡಿದೆ ನಿಮ್ಮದು."

"ಆಮ್ಯಾಲ ತಿಂತೀನವ್ವಾ. ನನಗ ಸಕ್ರಿ ಬ್ಯಾನಿ. ಇವತ್ತು ರಕ್ತಾ ಕೊಡೂದಿತ್ತು, ಖಾಲಿ ಹೊಟ್ಟಿ. ರಕ್ತಾ ಕೊಟ್ಟು ಹಂಗs ಇಲ್ಲಿಗೆ ಬಂದೆ." ನಾಗವ್ವ ಅವಳ ಎರಡೂ ಕೈ ಹಿಡಿದುಕೊಂಡಳು. "ಸಂಜೀಕ ಲಾರಿ ಬರ್ತೈತಿ. ಅದಕ್ಕಿಂತ ಮೊದಲ ಇನ್ನೊಮ್ಮೆ ಚಾಂದವ್ವನ ರಕ್ತಾ ನೋಡ ನನ್ನ ತಾಯಿ. ಈ ಸಲ ಛಲೋ ಬರತೈತಿ. ಈ ಸಲ ನಾ ಏನೂ ತಪ್ಪು ಮಾಡಿಲ್ಲ. ನಿನ್ನಿ ಮುಂಜಾನಿಂದ ಒಂದು ಎಳಿ ಹುಲ್ಲೂ ಕೊಟ್ಟಿಲ್ಲ!"

ಜ್ಯೋತ್ಸ್ನಾಳಿಗೆ ಕೇಳಿಸಿದ್ದು ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

"ಎಂತ... ಎಂತ ಹೇಳಿದ್ರಿ?"

"ಮೊದಲ ಸಲ ಹಿಂದಿನ ಮಧ್ಯಾಹ್ನದಿಂದ ಉಪಾಸ ಇಟ್ಟಿದ್ದೆ. ಸಾಲ್ಲಿಲ್ಲೇನೋ ಅನಿಸಿತು. ಎರಡನೇ ಸಲ ಇಡೀ ದಿನಾ ಇಟ್ಟೆ. ಹೊಟ್ಟಿ ಉರೀತಿತ್ತವ್ವಾ ನನಗ, ಆಕಿ ನನ್ನ ಮಾರೀನs ನೋಡ್ತಿದ್ಲು. ಆದ್ರೂ ಕೊಡ್ಲಿಲ್ಲ. ಖಾಲಿ ಹೊಟ್ಟೀಲೆ ಕೊಟ್ರನs ಅಲ್ಲೇನು ರಕ್ತಾ ಸರಿ ತೋರ್ಸೂದು?"

ಹೆಗಲ ಚೀಲಕ್ಕೆ ತೂರಿದ ಮೂತಿ. ಬಾಗಿಲಿನ ಹಲಗೆ. ಇನ್ನೊಂದು ಚೂರು ತಡಿ ಎಂದು ಗದ್ದ ಸವರಿದ ಕೈ. ಮೇವು ಬಿಟ್ಟಾಳೇನು ಎಂದು ಡಾಕ್ಟರ್ ಕೇಳಿದ ಆ ಒಂದೇ ಪ್ರಶ್ನೆ...

"ಡಾಕ್ಟ್ರೇ!!"

ಸ್ನೇಹಲ್ ಒಳಗಿನಿಂದ ಓಡಿ ಬಂದಳು. ನಾಗವ್ವ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದಳು. ಸ್ನೇಹಲ್ ಹಣೆ ಹಣೆ ಬಡಿದುಕೊಂಡಳು.

"ದೇವಾ! ಕುದುರಿ ಉಪಾಸ ಇದ್ರ ಬಿಲಿರುಬಿನ್ ತಾನs ಏರ್ತದ! ರೋಗs ಬೇಕಾಗಿಲ್ಲ! ಅದಕ್ಕs ನಾ ಮೊದಲs ಕೇಳಿದ್ದು. ಮಗಾ ಮೇವು ತಿಂತಾಳ ಅಂದ, ನಾ ನಂಬಿದೆ!"

"ಅವರು ಸುಳ್ಳು ಹೇಳ್ಲಿಲ್ಲ. ಅವರಿಗೆ ಗೊತ್ತೇ ಇರ್ಲಿಲ್ಲ," ಎಂದಳು ಜ್ಯೋತ್ಸ್ನಾ. ಕಣ್ಣು ತುಂಬಿ ಬಂದಿತ್ತು, ಆದರೆ ಎದೆಯಲ್ಲಿ ಏನೋ ಜಯಭೇರಿಯಂತೆ ಬಾರಿಸತೊಡಗಿತ್ತು. "ಬನ್ನಿ ನಾಗವ್ವಾ. ಬೇಗ ಬನ್ನಿ!"

"ಎಲ್ಲಿಗವ್ವಾ? ನಾ ಏನರೆ ತಪ್ಪು ಮಾಡಿದೆನೇನು?"

"ಚಾಂದನಿಗೆ ಊಟ ಹಾಕ್ಲಿಕ್ಕೆ!"

ಪ್ರಭಾದೇವಿ ಸ್ಟೇಷನ್ನಿನ ಮೆಟ್ಟಿಲು, ಬೊರಿವಲಿ ಲೋಕಲ್ಲು, ನಾಗವ್ವನ ಬಾಯಿಗೆ ಒತ್ತಾಯದಿಂದ ತುರುಕಿದ ಸಜ್ಜಿ ರೊಟ್ಟಿ. ಶರಣನಿಗೆ ಮತ್ತೆ ಮತ್ತೆ ಫೋನ್. ಅವನು ಎತ್ತಲೇ ಇಲ್ಲ.

ಕಾಂದಿವಲಿಯಲ್ಲಿ ರಿಕ್ಷಾದಿಂದ ಇಳಿದಾಗ ಲಾರಿ ಆಗಲೇ ಬಂದು ನಿಂತಿತ್ತು. ಹಿಂಬದಿಯ ಹಲಗೆ ಇಳಿಸಿದ್ದರು. ಅದರ ಬುಡದಲ್ಲಿ ಚಾಂದನಿ. ಹಗ್ಗ ಹಿಡಿದು ಶರಣ. ಅವನು ಎಳೆಯುತ್ತಿರಲಿಲ್ಲ. ಚಾಂದನಿ ಏರುತ್ತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದರು.

ಜ್ಯೋತ್ಸ್ನಾ ಯಾರ ಮುಖವನ್ನೂ ನೋಡಲಿಲ್ಲ. ಮೂಲೆಯಲ್ಲಿದ್ದ ಒಣಹುಲ್ಲಿನ ದೊಡ್ಡ ಹೊರೆಯನ್ನು ಎರಡೂ ತೋಳಲ್ಲಿ ಅಪ್ಪಿಕೊಂಡಳು. ಕುದುರೆಯೆಂದರೆ ನಡುಗುತ್ತಿದ್ದವಳು ನೆಟ್ಟಗೆ ಲಾರಿಗೂ ಚಾಂದನಿಗೂ ನಡುವೆ ಹೋಗಿ ನಿಂತಳು.

"ಮೊದಲು ಊಟ!"

ಚಾಂದನಿ ಅವಳ ತೋಳಿನಿಂದಲೇ ಹುಲ್ಲು ಕೀಳತೊಡಗಿತು. ಆ ಹಸಿವನ್ನು ಕಂಡು ಶರಣನ ಕೈಯಿಂದ ಹಗ್ಗ ಜಾರಿತು.

"ಅರೇ, ಕ್ಯಾ ಹೋ ರಹಾ ಹೈ?" ಹಿತೇಶ್ ಆಫೀಸಿನಿಂದ ಹೊರಬಂದ. ಉಡುಪಿಯ ಕಡೆಯವನೇ, ಮುಂಬಯಿಯಲ್ಲೇ ಹುಟ್ಟಿ ಬೆಳೆದವನು. ಕನ್ನಡ ಬರುತ್ತದೆ, ಆದರೆ ನಿಂತು ನಿಂತು ಬರುತ್ತದೆ. "ಮ್ಯಾಡಮ್, ಗಾಡಿ ವೇಟ್ ಮಾಡ್ತಾ ಉಂಟು. ನಿಮ್ದೇ ರಿಪೋರ್ಟ್, ಅಲ್ವಾ?"

"ಹೌದು. ನಮ್ಮದೇ ರಿಪೋರ್ಟ್. ನಮ್ಮದೇ ತಪ್ಪು." ಜ್ಯೋತ್ಸ್ನಾಳ ದನಿ ಇಡೀ ಅಂಗಳಕ್ಕೆ ಕೇಳಿಸಿತು. "ಮನುಷ್ಯರನ್ನು ಖಾಲಿ ಹೊಟ್ಟೆಯಲ್ಲಿ ಬರ್ಲಿಕ್ಕೆ ಹೇಳ್ತೇವೆ. ಕುದುರೆಯನ್ನು ಹಾಗೆ ಮಾಡ್ಬೇಡಿ ಅಂತ ನಾವು ಯಾರಿಗೂ ಹೇಳ್ಲೇ ಇಲ್ಲ. ಈ ಕುದುರೆ ಎರಡು ಸಲವೂ ಹಸ್ಕೊಂಡು ರಕ್ತ ಕೊಟ್ಟಿದೆ. ಇದಕ್ಕೆ ರೋಗ ಇಲ್ಲ. ಹಸಿವು ಅಷ್ಟೇ!"

"ಹಸಿವು?" ಶರಣ ತೊದಲಿದ. "ಯಾರು... ಯಾರು ಇಟ್ರು ಆಕೀನ್ನ ಉಪಾಸ?"

"ಯಾರು ಇಟ್ಟದ್ದಾದ್ರೂ ಒಳ್ಳೇದಾಗ್ಲಿ ಅಂತಲೇ ಇಟ್ಟದ್ದು. ಅದನ್ನು ಕೇಳ್ಬೇಡಿ."

ನಾಗವ್ವ ಅವಳ ಹಿಂದೆ ಅಡಗಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಮುಂದೆ ಬಂದಳು.

"ನಾನs ಶರಣಾ. ನನ್ನ ರಕ್ತಕ್ಕ ಹೆಂಗೋ ಹಂಗs ಆಕೀದಕ್ಕೂ ಅಂದ್ಕೊಂಡೆ. ಬೈಯಪ್ಪಾ ನನ್ನ."

ಶರಣ ತಾಯಿಯನ್ನು ನೋಡಿದ. ಕುದುರೆಯನ್ನು ನೋಡಿದ. ಹುಲ್ಲಿನ ಕಡ್ಡಿ ಕೂದಲಿಗೆಲ್ಲ ಸಿಕ್ಕಿಕೊಂಡು, ತೋಳು ತುಂಬ ಹೊರೆ ಹೊತ್ತು ನಿಂತ ಜ್ಯೋತ್ಸ್ನಾಳನ್ನು ನೋಡಿದ. ಆಮೇಲೆ ತಾಯಿಯ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟ.

ಜ್ಯೋತ್ಸ್ನಾ ಸ್ನೇಹಲಳಿಗೆ ಫೋನ್ ಹಚ್ಚಿ ಹಿತೇಶನ ಕೈಗೆ ಕೊಟ್ಟಳು. ಆ ಕಡೆಯಿಂದ ಬಂದ ದನಿಗೆ ಅವನು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಹಾಂ ಡಾಕ್ಟರ್... ಹಾಂ... ಓಕೆ, ಓಕೆ! ಒಂದು ಲಾಸ್ಟ್ ಟೆಸ್ಟ್. ಅದು ಕ್ಲೀನ್ ಬಂದ್ರೆ ಚಾಂದನಿ ಇಲ್ಲೇ. ಬರ್ಲಿಲ್ಲಾಂದ್ರೆ..." ಅವನು ಲಾರಿಯವನಿಗೆ ಹೋಗೆಂದು ಕೈಬೀಸಿದ. ಲಾರಿ ಖಾಲಿಯಾಗಿ ಹಿಂದಿರುಗಿತು.

ಅದಾದ ಮೇಲೆ ಚಾಂದನಿ ಹೊಟ್ಟೆ ತುಂಬ ತಿಂದು ಮಲಗಿತು, ಎದ್ದು ಮತ್ತೆ ತಿಂದಿತು. ಮೂರನೇ ಪರೀಕ್ಷೆಯ ದಿನ ಲಾಯದಲ್ಲಿ ಹುಲ್ಲಿನ ಬಲೆ ತೂಗುತ್ತಿತ್ತು. ಸೂಜಿ ಚುಚ್ಚುವಾಗಲೂ ಅದು ಮೆಲ್ಲುತ್ತಲೇ ಇತ್ತು! ಶರಣ ಐಸ್ ಬಾಕ್ಸನ್ನು ತಾನೇ ರಿಕ್ಷಾದವರೆಗೆ ಹೊತ್ತು ತಂದ.

ಲ್ಯಾಬಿನಲ್ಲಿ ಟ್ಯೂಬು ತಿರುಗಿ ನಿಂತಿತು. ಸೀರಮ್ ಈಗಲೂ ಹಳದಿಯೇ. ಬಣ್ಣ ನೋಡಿ ಹೆದರುವ ಕಾಲ ಮುಗಿದಿತ್ತು. ಅವಳು ಯಂತ್ರದ ಮುಂದೆ ಕೈಮುಗಿದು ನಿಂತಳು. ವಿಜ್ಞಾನ ಓದಿದವಳು ಯಂತ್ರಕ್ಕೆ ಕೈಮುಗಿಯಬಾರದೆಂದು ಎಲ್ಲೂ ಬರೆದಿಲ್ಲವಲ್ಲ!

ಅಂಕಿ ಬಂತು.

ಜ್ಯೋತ್ಸ್ನಾ ಎರಡು ಸಲ ನೋಡಿದಳು. ಸ್ನೇಹಲ್ ಮೂರನೆಯ ಸಲ ನೋಡಿದಳು. ಸ್ನೇಹಲಳ ಬೆರಳು ಸಹಿಯ ಬಟನ್ ಮೇಲೆ ಬಂದು ನಿಂತಿತು. ಒತ್ತಲಿಲ್ಲ.

"ನಾ ಇದನ್ನ ಒತ್ತಿದ್ರ ಹಿತೇಶಗ ಹೋಗ್ತದ," ಎಂದಳು, ಕಣ್ಣು ಮಿಟುಕಿಸುತ್ತ. "ನೀ ಯಾರಿಗೋ ಮೊದಲ ಫೋನ್ ಮಾಡ್ತೀನಿ ಅಂದಿದ್ದಿ. ಮಾಡು. ನಾ ಚಹಾ ಕುಡದು ಬರ್ತೀನಿ."

ಅವನು ಮೊದಲ ರಿಂಗಿಗೇ ಎತ್ತಿದ.

"ಶರಣ... ನಾರ್ಮಲ್!"

ಆ ಕಡೆ ಬಕೆಟ್ಟೊಂದು ಉರುಳಿದ ಸದ್ದು.

"ಕೇಳ್ತಾ ಉಂಟಾ? ಎಲ್ಲವೂ ನಾರ್ಮಲ್! ನಿಮ್ಮ ಚಾಂದನಿಗೆ ಎಂತದೂ ಆಗ್ಲಿಲ್ಲ! ಬೇರೆ ಯಾರಿಗೂ ಇನ್ನೂ ಗೊತ್ತಿಲ್ಲ. ಮೊದಲ ಫೋನ್ ನಿಮಗೆ!"

ಆಮೇಲೆ ಕೇಳಿಸಿದ್ದು ಒಂದು ಕೂಗು. ಎಂಥ ಕೂಗು! ಅದರ ಹಿಂದೆಯೇ ನಾಗವ್ವನ ನಗು, ಕುದುರೆಗಳ ಹೇಷಾರವ, ಯಾರೋ ಬಕೆಟ್ ಬಾರಿಸುವ ಸದ್ದು. ಜ್ಯೋತ್ಸ್ನಾ ಫೋನನ್ನು ಕಿವಿಗೊತ್ತಿಕೊಂಡು, ಲ್ಯಾಬಿನ ನಡುವೆ ನಿಂತು ಅಳುತ್ತ ನಕ್ಕಳು.

ಹೊಸ ವರ್ಷದ ಮೊದಲ ತರಗತಿ. ಬಿಳಿ ಚಾಂದನಿ ಎಲ್ಲರಿಗಿಂತ ಮುಂದೆ ನಡೆಯಿತು. ಲಾಯದ ಬಾಗಿಲಿಗೆ ಹೊಸ ಬೋರ್ಡು ಬಂದಿತ್ತು. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬರೆಸಿದ್ದು ಹಿತೇಶನೇ: ರಕ್ತ ಪರೀಕ್ಷೆಯ ದಿನ ಕುದುರೆಗೆ ಮೇವು ತಪ್ಪಿಸಬೇಡಿ. ನಾಗವ್ವ ಅದನ್ನು ಬಂದವರಿಗೆಲ್ಲ ಓದಿ ಹೇಳುತ್ತಿದ್ದಳು.

ಮಕ್ಕಳೆಲ್ಲ ಹೋದ ಮೇಲೆ ಜ್ಯೋತ್ಸ್ನಾ ಬಂದಳು. ಕೈಯಲ್ಲಿ ಅಪ್ಪ ಕಟ್ಟಿಕೊಟ್ಟ ಎರಡು ಪೊಟ್ಟಣ.

"ಒಂದು ಕುದುರೆಗಂತೆ. ಇನ್ನೊಂದು ಕುದುರೆಯವರಿಗಂತೆ," ಎಂದಳು, ಎತ್ತಲೋ ನೋಡುತ್ತ. "ಅಮ್ಮ ಕೂಡ ಕೇಳಿದ್ರು, ಆ ಕುದುರೆಯವರು ಮನೆಗೆ ಯಾವಾಗ ಬರ್ತಾರೆ ಅಂತ."

ಶರಣ ಪೊಟ್ಟಣ ತೆಗೆದುಕೊಳ್ಳಲಿಲ್ಲ. ಅವಳ ಎದುರು ನಿಂತ.

"ನಿಮಗ ಅದು ಒಂದು ಟ್ಯೂಬು ಅಂದಿದ್ದೆ. ಆ ಮಾತು ನನ್ನ ಗಂಟಲಾಗ ಮುಳ್ಳಾಗಿ ಕುಂತೈತ್ರಿ. ಲಾರಿ ಮುಂದ ನೀವು ನಿಂತಾಗ ನನಗ ಗೊತ್ತಾತು... ಚಾಂದನೀನ್ನ ಅಷ್ಟs ಅಲ್ಲ, ನಮ್ಮವ್ವನ್ನೂ ನೀವs ಉಳಿಸಿದ್ರಿ. ಎಲ್ಲಾರ ಮುಂದ ತಪ್ಪು ನಿಮ್ಮ ತಲೀ ಮ್ಯಾಲ ಹೊತ್ಕೊಂಡ್ರಿ." ಅವನು ಬೂಟಿನ ಮಣ್ಣನ್ನು ನೆಲಕ್ಕೆ ಉಜ್ಜಿದ. "ನನಗ ಚಂದಾಗಿ ಮಾತಾಡಾಕ ಬರೂದಿಲ್ಲ. ನೀವಂದ್ರ ನನಗ ಜೀವ."

ಜ್ಯೋತ್ಸ್ನಾ ಚಾಂದನಿಯ ಬೆನ್ನಿನತ್ತ ಕೈ ತೋರಿಸಿದಳು.

"ನನ್ನನ್ನು ಹತ್ತಿಸ್ತೀರಾ?"

ಅವನು ರಿಕಾಬು ಹಿಡಿದ. ಅವಳು ಕಾಲಿಟ್ಟಳು. ತೆಗೆದಳು. ಮತ್ತೆ ಇಟ್ಟಳು, ಮತ್ತೆ ತೆಗೆದಳು. ಎಷ್ಟು ಎತ್ತರ ಮಾರಾಯ್ರೆ ಇದು!

"ಹೆದರಿಕೆ ಆಗ್ತದೆ..."

"ಆಗ್ಲಿ. ಆಕಿ ನಿಲ್ತಾಳ. ನೀವು ಹತ್ತೂತನಾ ನಿಲ್ತಾಳ."

"ಮತ್ತೆ ನೀವು?"

"ನಾನೂ ನಿಲ್ತೀನ್ರಿ," ಎಂದ ಶರಣ. "ಎಷ್ಟು ದಿನಾ ಆದ್ರೂ."

ಜ್ಯೋತ್ಸ್ನಾ ಕಣ್ಣುಮುಚ್ಚಿದಳು. ಅವನ ಹೆಗಲ ಮೇಲೆ ಕೈಯೂರಿ, ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಮೇಲೇರಿದಳು. ಕಣ್ಣು ಬಿಟ್ಟಾಗ ಅವನ ಮುಖ ಕೆಳಗಿತ್ತು, ಮೇಲಕ್ಕೆ ನೋಡುತ್ತ, ಒದ್ದೆಯಾಗಿ ನಗುತ್ತ.

"ನೀವು ನಿಂತದ್ದು ಸಾಕು," ಎಂದಳು ಮೆಲ್ಲಗೆ, ಅವನ ಕೈ ಬಿಡದೆ. "ನಾನು ಹತ್ತಿ ಆಯ್ತು."